ಗಡಿಸೀಮೆಯ ನುಡಿ ಮತ್ತು ತಾರೆಯ ಬಿಂಬ: ಮುಳಬಾಗಿಲಿನ ಸೌಂದರ್ಯ ಅವರನ್ನು ಕುರಿತು ಒಂದು ಅಧ್ಯಯನ

1. ಪೀಠಿಕೆ

ಚಲನಚಿತ್ರ ಕಲಾವಿದರನ್ನು ಕುರಿತ ಬರವಣಿಗೆ ಕನ್ನಡದಲ್ಲಿ ಕಡಿಮೆಯೇನಿಲ್ಲ. ಜೀವನಚರಿತ್ರೆ, ಸಂಸ್ಮರಣ ಸಂಪುಟ, ಪತ್ರಿಕಾ ಅಂಕಣ, ಅಭಿಮಾನಿಗಳ ಪ್ರಕಟಣೆ ಹೀಗೆ ಅದು ಹಲವು ರೂಪಗಳಲ್ಲಿ ಬೆಳೆದಿದೆ. ಆದರೆ ಕಲಾವಿದರೊಬ್ಬರ ಸಾರ್ವಜನಿಕ ವ್ಯಕ್ತಿತ್ವವನ್ನೇ ಒಂದು ಪಠ್ಯವೆಂದು ಭಾವಿಸಿ, ಅದರ ರಚನೆಯನ್ನು ಬಿಡಿಸಿ ನೋಡುವ ಕೆಲಸ ನಮ್ಮ ಸಾಹಿತ್ಯ ವಿಭಾಗಗಳಲ್ಲಿ ವಿರಳವಾಗಿಯೇ ನಡೆದಿದೆ. ನಡೆದಿರುವಷ್ಟೂ ಬಹುಮಟ್ಟಿಗೆ ನಾಯಕನಟರನ್ನು, ಅದರಲ್ಲಿಯೂ ಡಾ. ರಾಜ್‌ಕುಮಾರ್ ಅವರನ್ನು ಕೇಂದ್ರವಾಗಿಸಿಕೊಂಡಿದೆ. ನಾಯಕಿಯರ ಪಾಲಿಗೆ ಬಂದಿರುವುದು ಹೆಚ್ಚಾಗಿ ಪ್ರಶಂಸೆ, ಇಲ್ಲವೇ ಅನುಕಂಪ.

ಪ್ರಸ್ತುತ ಲೇಖನವು ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯ ಮೂಲದವರಾದ ಸೌಂದರ್ಯ (1972-2004) ಅವರ ವೃತ್ತಿಜೀವನವನ್ನೂ ಸಾರ್ವಜನಿಕ ಬಿಂಬವನ್ನೂ ಅಧ್ಯಯನಕ್ಕೆ ಎತ್ತಿಕೊಂಡಿದೆ. ಹನ್ನೆರಡು ವರ್ಷಗಳ ಅವಧಿಯಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಭಾಷೆಗಳ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಅಭಿನಯಿಸಿದರು. ಈ ಪೈಕಿ ಬಹುಪಾಲು ತೆಲುಗಿನವು. ಆದ್ದರಿಂದ ತೆಲುಗು ಚಿತ್ರರಂಗದ ಚರಿತ್ರೆ ಅವರನ್ನು ತನ್ನವರೆಂದು ಪರಿಗಣಿಸುತ್ತದೆ. ಕನ್ನಡದ ಚರಿತ್ರೆ ಅವರನ್ನು ‘ನಮ್ಮಿಂದ ಹೋದವರು’ ಎಂದು ನೆನೆಯುತ್ತದೆ. ಈ ಎರಡೂ ನಿಲುವುಗಳು ಭಾಷೆಯೊಂದಕ್ಕೆ ಒಂದೇ ನೆಲ, ನೆಲವೊಂದಕ್ಕೆ ಒಂದೇ ಭಾಷೆ ಎಂಬ ಗ್ರಹಿಕೆಯಿಂದ ಹುಟ್ಟಿದವು. ಸೌಂದರ್ಯ ಅವರ ಮೂಲ ಸೀಮೆಗಾಗಲಿ, ಅವರು ನಿರ್ವಹಿಸಿದ ಮುಖ್ಯ ಪಾತ್ರಗಳಿಗಾಗಲಿ ಈ ಗ್ರಹಿಕೆ ಹೊಂದುವುದಿಲ್ಲ ಎಂಬುದು ಇಲ್ಲಿನ ಪ್ರಮೇಯ. ‘ದ್ವೀಪ’ (2002) ಮತ್ತು ‘ಆಪ್ತಮಿತ್ರ’ (2004) ಚಿತ್ರಗಳನ್ನು ಇದಕ್ಕೆ ಮುಖ್ಯ ಆಧಾರವಾಗಿ ಬಳಸಿಕೊಳ್ಳಲಾಗಿದೆ.

2. ತಾರಾಬಿಂಬದ ಪರಿಕಲ್ಪನೆ

ನಟನೆ ಬೇರೆ, ತಾರೆಯಾಗುವುದು ಬೇರೆ ಎಂಬ ತಿಳಿವಳಿಕೆ ಹಾಲಿವುಡ್ ಅಧ್ಯಯನಗಳಿಂದ ವ್ಯವಸ್ಥಿತ ರೂಪ ಪಡೆಯಿತು. ಬ್ರಿಟಿಷ್ ವಿದ್ವಾಂಸ ರಿಚರ್ಡ್ ಡಯರ್ 1979ರಲ್ಲಿ ಪ್ರಕಟವಾದ ‘ಸ್ಟಾರ್ಸ್’ ಎಂಬ ಗ್ರಂಥದಲ್ಲಿ ತಾರಾಬಿಂಬವು ನಾಲ್ಕು ಮೂಲಗಳಿಂದ ಕೂಡಿಬರುತ್ತದೆಂದು ವಿವರಿಸಿದರು. ನಿರ್ಮಾಪಕರು ಉದ್ದೇಶಪೂರ್ವಕವಾಗಿ ಮಾಡುವ ಪ್ರಚಾರ, ಪತ್ರಿಕೆಗಳಲ್ಲಿ ತಾನಾಗಿ ಹರಡುವ ಸುದ್ದಿ, ಚಿತ್ರಗಳು, ಆ ಚಿತ್ರಗಳನ್ನು ಕುರಿತ ವಿಮರ್ಶೆ ಇವೇ ಆ ನಾಲ್ಕು. ಇವು ಪರಸ್ಪರ ಪೋಷಿಸುವಂತೆಯೇ ಪರಸ್ಪರ ವಿರೋಧಿಸುವುದೂ ಉಂಟು. ಮುಂದೆ 1986ರ ‘ಹೆವನ್ಲಿ ಬಾಡೀಸ್’ ಕೃತಿಯಲ್ಲಿ ಅವರು ಮರ್ಲಿನ್ ಮನ್ರೋ, ಪಾಲ್ ರೋಬ್ಸನ್, ಜೂಡಿ ಗಾರ್ಲೆಂಡ್ ಅವರ ಬಿಂಬಗಳನ್ನು ಇದೇ ಜಾಡಿನಲ್ಲಿ ಪರಿಶೀಲಿಸಿದರು.

ಈ ಚೌಕಟ್ಟನ್ನು ದಕ್ಷಿಣ ಭಾರತಕ್ಕೆ ಅನ್ವಯಿಸುವಾಗ ಭಾಷೆಯ ಪ್ರಶ್ನೆ ಹೊಸದಾಗಿ ಎದುರಾಗುತ್ತದೆ. ಸ್ವೀಡನ್ನಿನಿಂದ ಹಾಲಿವುಡ್ಡಿಗೆ ಬಂದ ಗ್ರೇಟಾ ಗಾರ್ಬೋ 1930ರ ‘ಅನ್ನಾ ಕ್ರಿಸ್ಟಿ’ ಚಿತ್ರದಲ್ಲಿ ಮೊದಲ ಬಾರಿಗೆ ಮಾತನಾಡಿದಾಗ, ಗಾರ್ಬೋ ಮಾತನಾಡುತ್ತಾಳೆ ಎಂಬುದನ್ನೇ ಘೋಷಣೆಯಾಗಿಸಿ ಚಿತ್ರವನ್ನು ಪ್ರಚಾರ ಮಾಡಲಾಯಿತು. ಆಕೆಯ ಉಚ್ಚಾರಣೆಯ ಪರಕೀಯತೆ ಬಿಂಬದ ಒಂದು ಭಾಗವೇ ಆಯಿತು. ನಮ್ಮಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಒಂದು ಭಾಷೆಯಿಂದ ಮತ್ತೊಂದಕ್ಕೆ ಹೋದ ನಾಯಕಿಗೆ ಡಬ್ಬಿಂಗ್ ಕಲಾವಿದೆಯರ ದನಿ ಕೊಡಿಸುವುದು ವಾಡಿಕೆಯಾಯಿತು. ಸೌಂದರ್ಯ ಅವರ ತೆಲುಗು ಪಾತ್ರಗಳಿಗೂ ಅನ್ಯ ಕಲಾವಿದೆಯರು ದನಿ ನೀಡಿದ್ದುಂಟು. ಹೀಗಾಗಿ ನಾಯಕಿಯ ಮುಖ ಗಡಿ ದಾಟುತ್ತದೆ, ನುಡಿ ದಾಟುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಭಾಷೆಯ ಚರ್ಚೆ ಬಂದಲ್ಲೆಲ್ಲ ಅದು ಪಾತ್ರದ ಭಾಷೆಗೆ ಸಂಬಂಧಿಸಿದ್ದು. ಕಲಾವಿದೆಯ ಉಚ್ಚಾರಣೆಗೆ ಸಂಬಂಧಿಸಿದ್ದಲ್ಲ.

ಎಂ. ಮಾಧವ ಪ್ರಸಾದ್ ಅವರು ‘ಸಿನಿ-ಪಾಲಿಟಿಕ್ಸ್’ (2014) ಕೃತಿಯಲ್ಲಿ ಎಂ.ಜಿ.ಆರ್., ಎನ್.ಟಿ.ಆರ್. ಮತ್ತು ರಾಜ್‌ಕುಮಾರ್ ಅವರನ್ನು ಒಟ್ಟಿಗಿರಿಸಿ ಚರ್ಚಿಸಿದ್ದಾರೆ. ಭಾಷಾವಾರು ರಾಜ್ಯಗಳ ಕಾಲದಲ್ಲಿ ನಾಯಕನಟನು ಭಾಷಾ ಸಮುದಾಯವೊಂದರ ಪ್ರತಿನಿಧಿಯಾಗಿ ನಿಂತ ಬಗೆಯನ್ನು ಅರಿಯಲು ಅದು ನೆರವಾಗುತ್ತದೆ. ರಾಜ್‌ಕುಮಾರ್ ಅವರು 1954ರ ತೆಲುಗು ‘ಕಾಳಹಸ್ತಿ ಮಹಾತ್ಮ್ಯಂ’ ಒಂದನ್ನು ಬಿಟ್ಟರೆ ಕನ್ನಡದಲ್ಲಿಯೇ ಉಳಿದದ್ದು, 1982ರ ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದದ್ದು ಈ ಪ್ರಾತಿನಿಧ್ಯಕ್ಕೆ ನಿದರ್ಶನಗಳು. ಅದೇ ಅವಧಿಯಲ್ಲಿ ನಾಯಕಿಯರು ಮಾತ್ರ ನಾಲ್ಕೂ ಭಾಷೆಗಳ ನಡುವೆ ಸಂಚರಿಸುತ್ತಿದ್ದರು. ಬೆಂಗಳೂರಿನ ಬಿ. ಸರೋಜಾದೇವಿ ಅವರು ತಮಿಳಿನ ಅಗ್ರತಾರೆಯಾದ ಮೇಲೂ ಅಲ್ಲಿನ ಅಭಿಮಾನಿಗಳು ಅವರನ್ನು ‘ಕನ್ನಡದ ಗಿಳಿ’ ಎಂಬರ್ಥದ ಬಿರುದಿನಿಂದ ಕರೆದರು. ಬಿರುದಿನಲ್ಲಿ ಮೆಚ್ಚುಗೆಯಿದೆ, ಜೊತೆಗೆ, ಬಂದವಳು ಹೊರಗಿನವಳು ಎಂಬ ಗುರುತೂ ಇದೆ. ನಾಯಕ ಭಾಷೆಯ ಮನೆಯೊಡೆಯ, ನಾಯಕಿ ಆ ಮನೆಗೆ ಬಂದ ಅತಿಥಿ ಎಂಬ ಈ ವಿಂಗಡಣೆ ನಮ್ಮ ಚಿತ್ರಚರಿತ್ರೆಯ ಬೆನ್ನೆಲುಬಾಗಿದೆ. ಸೌಂದರ್ಯ ಅವರ ವೃತ್ತಿಜೀವನವನ್ನು ಇದರ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

3. ಮೂಡಣ ಬಾಗಿಲಿನ ಸೀಮೆ

ಮುಳಬಾಗಿಲು ಎಂಬ ಹೆಸರು ‘ಮೂಡಣ ಬಾಗಿಲು’ ಎಂಬುದರಿಂದ ಬಂದಿತೆಂಬುದು ಪ್ರಚಲಿತ ನಿರುಕ್ತಿ. ಬೆಂಗಳೂರಿನಿಂದ ಚೆನ್ನೈಗೆ ಸಾಗುವ ಹೆದ್ದಾರಿ ಕೋಲಾರ, ಮುಳಬಾಗಿಲು, ನಂಗಲಿಗಳನ್ನು ಹಾದು ಆಂಧ್ರದ ಚಿತ್ತೂರು ಸೀಮೆಯನ್ನು ಪ್ರವೇಶಿಸುತ್ತದೆ. ಮಾಲೂರಿನ ಕಡೆಯಿಂದ ತಮಿಳುನಾಡಿನ ಗಡಿ ಹತ್ತಿರ. ಹೋಳೂರು ಹೋಬಳಿಯಿಂದ ಶ್ರೀನಿವಾಸಪುರದವರೆಗಿನ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ದಿನನಿತ್ಯದ ಸಂಗತಿ. ಒಂದೇ ವಾಕ್ಯದೊಳಗೆ ಕ್ರಿಯಾಪದ ಒಂದು ಭಾಷೆಯದಾಗಿ, ನಾಮಪದ ಇನ್ನೊಂದರದಾಗಿರುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಈ ಸೀಮೆಯ ಕನ್ನಡ ಪರಂಪರೆ ದುರ್ಬಲವಾದದ್ದಲ್ಲ. ಹದಿನೈದನೆಯ ಶತಮಾನದಲ್ಲಿ ಕನ್ನಡ ಕೀರ್ತನೆಗಳಿಗೆ ದಾರಿ ತೋರಿದ ಶ್ರೀಪಾದರಾಜರ ನೆಲೆ ಮುಳಬಾಗಿಲು. 1887ರಲ್ಲಿ ಡಿ.ವಿ. ಗುಂಡಪ್ಪನವರು ಜನಿಸಿದ್ದೂ ಇಲ್ಲಿಯೇ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ಹೊತ್ತ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡ ಸಣ್ಣಕಥೆಗೆ ಅಡಿಪಾಯ ಹಾಕಿದರು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಕೋಲಾರ ಜಿಲ್ಲೆಗೆ ಸೇರಿದ್ದ ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಅವರ ಭಕ್ತರು ಇವೆರಡನ್ನು ಎರಡು ಸಾಹಿತ್ಯಗಳೆಂದು ಬೇರ್ಪಡಿಸಿ ಹಾಡುವುದಿಲ್ಲ. ಮನೆಮಾತು ಒಂದು, ಬರೆಹದ ಅಥವಾ ಕಲೆಯ ಭಾಷೆ ಮತ್ತೊಂದು ಎಂಬ ಸ್ಥಿತಿ ಇಲ್ಲಿ ಅಪವಾದವಾಗಿರದೆ ರೂಢಿಯೇ ಆಗಿದೆ. ಮಾಸ್ತಿಯವರ ವಿಷಯದಲ್ಲಿ ಇದನ್ನು ಹೆಮ್ಮೆಯಿಂದ ಹೇಳುವ ನಾವು, ಅದೇ ಸೀಮೆಯ ಮೂಲದ ಕಲಾವಿದೆಯೊಬ್ಬರು ಪಕ್ಕದ ಭಾಷೆಯಲ್ಲಿ ಹೆಸರು ಮಾಡಿದಾಗ ‘ಹೋದವರು’ ಎಂಬ ಪದವನ್ನು ಬಳಸುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೌಂದರ್ಯ ಅವರನ್ನು ತೆಲುಗಿಗೆ ಒಯ್ದದ್ದು ಗಡಿಸೀಮೆಯ ದ್ವಿಭಾಷಿಕತೆಯೇ ಎಂದು ವಾದಿಸುವುದು ಸರಳೀಕರಣವಾಗುತ್ತದೆ. ತೆಲುಗು ಚಿತ್ರರಂಗದ ವಿಸ್ತಾರವಾದ ಮಾರುಕಟ್ಟೆ, ವರ್ಷಕ್ಕೆ ತಯಾರಾಗುವ ಚಿತ್ರಗಳ ಸಂಖ್ಯೆ, ಸಂಭಾವನೆ ಇವೆಲ್ಲ ಯಾವ ಊರಿನ ನಾಯಕಿಯನ್ನಾದರೂ ಸೆಳೆಯಬಲ್ಲ ಕಾರಣಗಳು. ಸೀಮೆಯ ಉಲ್ಲೇಖ ಇಲ್ಲಿ ಜೀವನಚರಿತ್ರೆಯ ಕಾರಣವಾಗಿ ಬಂದಿಲ್ಲ. ಅವರ ಬಿಂಬವನ್ನು ಓದಲು ಹೆಚ್ಚು ಹೊಂದುವ ದೃಷ್ಟಿಕೋನವಾಗಿ ಬಂದಿದೆ.

4. ವೃತ್ತಿಜೀವನದ ಘಟ್ಟಗಳು

ಚಿತ್ರಸಾಹಿತಿಯೂ ನಿರ್ಮಾಪಕರೂ ಆಗಿದ್ದ ಕೆ.ಎಸ್. ಸತ್ಯನಾರಾಯಣ ಅವರ ಪುತ್ರಿಯಾದ ಸೌಂದರ್ಯ ಅವರ ಹುಟ್ಟುಹೆಸರು ಸೌಮ್ಯ. ವೈದ್ಯಕೀಯ ವ್ಯಾಸಂಗವನ್ನು ಆರಂಭದಲ್ಲಿಯೇ ಬಿಟ್ಟು ಅವರು ಚಿತ್ರರಂಗಕ್ಕೆ ಬಂದರು. 1992ರಲ್ಲಿ ತೆರೆಕಂಡ ‘ಗಂಧರ್ವ’ ಅವರ ಮೊದಲ ಕನ್ನಡ ಚಿತ್ರ. ಒಂದೆರಡು ವರ್ಷಗಳಲ್ಲಿಯೇ ತೆಲುಗಿನಲ್ಲಿ ನೆಲೆಯೂರಿದ ಅವರಿಗೆ 1994ರ ‘ಹಲೋ ಬ್ರದರ್’ ಜನಪ್ರಿಯತೆಯನ್ನೂ, 1995ರ ‘ಅಮ್ಮೋರು’ ಅಭಿನಯಕ್ಕೆ ಮನ್ನಣೆಯನ್ನೂ ತಂದುಕೊಟ್ಟವು. ಮುಂದಿನ ಐದು ವರ್ಷಗಳು ಈ ವೃತ್ತಿಜೀವನದ ಉನ್ನತ ಘಟ್ಟ. ವೆಂಕಟೇಶ್ ಅವರೊಡನೆ ‘ಪವಿತ್ರ ಬಂಧಂ’ (1996), ‘ಪೆಳ್ಳಿ ಚೇಸುಕುಂದಾಂ’ (1997), ‘ರಾಜಾ’ (1999). ಚಿರಂಜೀವಿ ಅವರೊಡನೆ ‘ಚೂಡಾಲನಿ ಉಂದಿ’ (1998). ರಜನಿಕಾಂತ್ ಅವರೊಡನೆ ತಮಿಳಿನ ‘ಅರುಣಾಚಲಂ’ (1997) ಮತ್ತು ‘ಪಡಯಪ್ಪ’ (1999). ಕಮಲಹಾಸನ್ ಅವರೊಡನೆ ‘ಕಾದಲಾ ಕಾದಲಾ’ (1998). ಅಮಿತಾಭ್ ಬಚ್ಚನ್ ಅವರೊಡನೆ ಹಿಂದಿಯ ‘ಸೂರ್ಯವಂಶಂ’ (1999) ಈ ಕಾಲದವು.

ಕೃಷ್ಣವಂಶಿ ನಿರ್ದೇಶನದ ‘ಅಂತಃಪುರಂ’ (1998) ಪ್ರತ್ಯೇಕವಾಗಿ ಉಲ್ಲೇಖಾರ್ಹ. ರಾಯಲಸೀಮೆಯ ಕುಲವೈರದ ಮನೆಗೆ ಸೊಸೆಯಾಗಿ ಬಂದು, ಗಂಡನನ್ನು ಕಳೆದುಕೊಂಡು, ಮಗುವನ್ನು ಉಳಿಸಿಕೊಳ್ಳಲು ಹೋರಾಡುವ ಹೆಣ್ಣಿನ ಕಥೆ ಇದು. ಮಾವನ ಪಾತ್ರವನ್ನು ಪ್ರಕಾಶ್ ರೈ ನಿರ್ವಹಿಸಿದರು. ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯ ವಿಶೇಷ ಉಲ್ಲೇಖ ದೊರೆಯಿತು. ರಾಯಲಸೀಮೆಯ ಬದುಕನ್ನು ಆಧರಿಸಿದ ತೆಲುಗು ಚಿತ್ರವೊಂದರ ಎರಡು ಮುಖ್ಯ ಧ್ರುವಗಳು ಹೀಗೆ ಕನ್ನಡ ರಂಗಭೂಮಿ ಮತ್ತು ಚಿತ್ರರಂಗಗಳಿಂದ ಬಂದವರ ಪಾಲಾಗಿದ್ದವು.

ಕನ್ನಡದ ಚಿತ್ರಗಳು ಸಂಖ್ಯೆಯಲ್ಲಿ ಕಡಿಮೆ. ‘ಸಿಪಾಯಿ’ (1996), ‘ದೋಣಿ ಸಾಗಲಿ’ (1998), ‘ಆರ್ಯಭಟ’ (1999), ‘ನಾನು ನನ್ನ ಹೆಂಡ್ತೀರು’ (1999), ಕನ್ನಡ ಮತ್ತು ತೆಲುಗುಗಳಲ್ಲಿ ಏಕಕಾಲಕ್ಕೆ ತಯಾರಾದ ‘ಶ್ರೀ ಮಂಜುನಾಥ’ (2001), ‘ದ್ವೀಪ’, ‘ಆಪ್ತಮಿತ್ರ’ ಇವುಗಳಲ್ಲಿ ಪ್ರಮುಖವಾದವು. ಈ ಕೊರತೆಗೆ ಉದ್ಯಮದ ರಚನೆಯೂ ಒಂದು ಕಾರಣ. ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ದಶಕಗಳ ಕಾಲ ತಡೆದ ಕನ್ನಡ ಚಿತ್ರರಂಗ ಅವುಗಳ ಪುನರ್ನಿರ್ಮಾಣವನ್ನು ಧಾರಾಳವಾಗಿ ಅವಲಂಬಿಸಿತ್ತು. ತೆಲುಗಿನ ‘ಪವಿತ್ರ ಬಂಧಂ’ 1998ರಲ್ಲಿ ‘ಮಾಂಗಲ್ಯಂ ತಂತುನಾನೇನ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ಸೌಂದರ್ಯ ತೆಲುಗಿನಲ್ಲಿ ಮಾಡಿದ್ದ ಪಾತ್ರವನ್ನು ಕನ್ನಡದಲ್ಲಿ ಮಾಡಿದವರು ರಮ್ಯಕೃಷ್ಣ. ಕನ್ನಡದ ನಟಿ ಕಟ್ಟಿದ ಪಾತ್ರ ಕನ್ನಡಕ್ಕೆ ಬರುವಾಗ ಬೇರೊಬ್ಬ ಬಹುಭಾಷಾ ತಾರೆಯ ಮೂಲಕ ಬಂದಿತೆಂಬುದು, ‘ಯಾವ ಭಾಷೆಯ ನಟಿ’ ಎಂಬ ಪ್ರಶ್ನೆಗೆ ಆ ಉದ್ಯಮದೊಳಗೆ ಎಷ್ಟು ಕಡಿಮೆ ಅರ್ಥವಿತ್ತು ಎಂಬುದನ್ನು ತೋರುತ್ತದೆ.

5. ಸೌಮ್ಯತೆಯ ಬಿಂಬ

ತೆರೆಹೆಸರು ಸೌಂದರ್ಯ ಎಂದಿದ್ದರೂ ಪ್ರೇಕ್ಷಕರು ಅವರಲ್ಲಿ ಮೆಚ್ಚಿದ್ದು ಹುಟ್ಟುಹೆಸರಿನ ಗುಣವನ್ನು. 1990ರ ದಶಕದ ತೆಲುಗು ಪತ್ರಿಕೆಗಳು ಅವರನ್ನು ಹಿಂದಿನ ತಲೆಮಾರಿನ ಸಾವಿತ್ರಿ ಅವರೊಡನೆ ಹೋಲಿಸಿದವು. ಸೀರೆ, ಮಿತವಾದ ಅಲಂಕಾರ, ದೇಹಪ್ರದರ್ಶನದಿಂದ ದೂರವಿರುವ ನಿಲುವು, ಕಣ್ಣಿನಲ್ಲಿಯೇ ಬಹುಪಾಲು ಭಾವವನ್ನು ಹಿಡಿದಿಡುವ ಅಭಿನಯ ಇವು ಬಿಂಬದ ಹೊರರೂಪ. ಆರ್ಥಿಕ ಉದಾರೀಕರಣದ ನಂತರ ತೆರೆಯ ಮೇಲಿನ ನಾಯಕಿಯ ವೇಷಭೂಷಣ ಶೀಘ್ರವಾಗಿ ಬದಲಾಗುತ್ತಿದ್ದಾಗ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ಚಿತ್ರಗಳ ಮಾರುಕಟ್ಟೆಗೆ ಇಂತಹ ಬಿಂಬದ ಅಗತ್ಯವಿತ್ತು. ಬದಲಾವಣೆಯ ಭಯವನ್ನು ಶಮನಗೊಳಿಸುವ ಕೆಲಸವನ್ನು ನಾಯಕಿಯ ದೇಹಕ್ಕೆ ಒಪ್ಪಿಸಲಾಯಿತು.

ಈ ಸೌಮ್ಯತೆ ಪೂರ್ಣವಾಗಲು ಅದರ ಎದುರಿಗೆ ಮತ್ತೊಬ್ಬ ಹೆಣ್ಣು ಬೇಕಾಗುತ್ತಿದ್ದಳು ಎಂಬುದು ಗಮನಾರ್ಹ. ‘ಅಮ್ಮೋರು’ ಚಿತ್ರದಲ್ಲಿ ಹಿಂಸೆಯನ್ನು ಸಹಿಸುವ ಭಕ್ತೆ ಸೌಂದರ್ಯ. ಆಕೆಯ ಪರವಾಗಿ ಉಗ್ರರೂಪ ತಾಳುವ ದೇವಿ ರಮ್ಯಕೃಷ್ಣ. ‘ಪಡಯಪ್ಪ’ದಲ್ಲಿ ಶ್ರೀಮಂತ ಮನೆಯ ಗರ್ವಿಷ್ಠ ನೀಲಾಂಬರಿ ರಮ್ಯಕೃಷ್ಣ, ಆ ಮನೆಯಲ್ಲಿ ಕೆಲಸಕ್ಕಿದ್ದು ನಾಯಕನ ಮನಗೆಲ್ಲುವ ವಸುಂಧರೆ ಸೌಂದರ್ಯ. ಮೊದಲನೆಯದರಲ್ಲಿ ಕೋಪ ದೇವಿಯದಾದ್ದರಿಂದ ಪವಿತ್ರ, ಎರಡನೆಯದರಲ್ಲಿ ಮಾನವ ಸ್ತ್ರೀಯದಾದ್ದರಿಂದ ದಂಡನಾರ್ಹ. ಎರಡೂ ಕಡೆ ಕೋಪದ ಹಕ್ಕು ಸೌಂದರ್ಯ ಅವರ ಪಾತ್ರಕ್ಕಿಲ್ಲ. ‘ಸೂರ್ಯವಂಶಂ’ ಚಿತ್ರದ ನಾಯಕಿ ಓದಿ ಜಿಲ್ಲಾಧಿಕಾರಿಯಾಗುತ್ತಾಳೆ. ಆ ಸಾಧನೆಯೂ ಗಂಡನ ಗೌರವವನ್ನು ಮಾವನ ಕಣ್ಣಲ್ಲಿ ಮರಳಿ ಸ್ಥಾಪಿಸುವ ಕಥಾನಕಕ್ಕೆ ಅಧೀನವಾಗಿದೆ.

ಸಾಂಪ್ರದಾಯಿಕ ಸ್ತ್ರೀಮಾದರಿಯ ಪುನರುತ್ಪಾದನೆ ಎಂದು ಇದನ್ನು ತಳ್ಳಿಹಾಕಲು ಸಾಧ್ಯ. ಆದರೆ ಕಲಾವಿದೆ ತನ್ನ ಬಿಂಬದೊಳಗೆ ಏನು ಮಾಡಬಲ್ಲಳು ಎಂಬ ಪ್ರಶ್ನೆ ಆಗ ಉಳಿದುಬಿಡುತ್ತದೆ. ‘ಅಂತಃಪುರಂ’ ಚಿತ್ರದ ಉತ್ತರಾರ್ಧದಲ್ಲಿ ಸಹನೆಯ ಮಿತಿ ಮುರಿಯುವ ಸೂಚನೆಗಳು ಕಾಣುತ್ತವೆ. ಆ ಮುರಿತ ಪೂರ್ಣಗೊಂಡದ್ದು ಕನ್ನಡದ ಎರಡು ಚಿತ್ರಗಳಲ್ಲಿ.

6. ‘ದ್ವೀಪ’: ಶ್ರಮ ಮತ್ತು ಶ್ರೇಯ

ಶರಾವತಿ ಕಣಿವೆಯ ಮುಳುಗಡೆಯ ಬದುಕನ್ನು ಕನ್ನಡ ಸಾಹಿತ್ಯಕ್ಕೆ ತಂದ ಲೇಖಕರಲ್ಲಿ ನಾ. ಡಿಸೋಜ (1937-2025) ಪ್ರಮುಖರು. ಅವರ ‘ದ್ವೀಪ’ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಚಿತ್ರವನ್ನು ನಿರ್ಮಿಸಿದವರು ಸೌಂದರ್ಯ. ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿಯೂ ದೊರೆತವು. ಕಾಸರವಳ್ಳಿಯವರಿಗೆ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ಗಳ ಅನಂತರ ಇದು ನಾಲ್ಕನೆಯ ಸ್ವರ್ಣಕಮಲ. ‘ತಾಯಿ ಸಾಹೇಬ’ವನ್ನು ಜಯಮಾಲಾ ಅವರು ನಿರ್ಮಿಸಿ ಮುಖ್ಯಪಾತ್ರ ವಹಿಸಿದ್ದರು. ಜನಪ್ರಿಯ ಚಿತ್ರಗಳ ಇಬ್ಬರು ನಾಯಕಿಯರು ತಮ್ಮ ಗಳಿಕೆಯನ್ನು ಕನ್ನಡದ ಗಂಭೀರ ಸಿನಿಮಾಕ್ಕೆ ತೊಡಗಿಸಿದ ಈ ಬೆಳವಣಿಗೆಯನ್ನು ನಮ್ಮ ಹೊಸ ಅಲೆಯ ಚರಿತ್ರೆಗಳು ನಿರ್ದೇಶಕನ ಸಾಧನೆಯ ಅಡಿಟಿಪ್ಪಣಿಯಾಗಿಯೇ ಕಂಡಿವೆ.

ಅಣೆಕಟ್ಟಿನ ನೀರು ಏರುತ್ತಿರುವಾಗ ಊರವರೆಲ್ಲ ಪರಿಹಾರ ಪಡೆದು ತೆರಳುತ್ತಾರೆ. ಸೀತಾಪರ್ವತದ ದುಗ್ಗಜ್ಜ, ಆತನ ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ಪೂಜೆಯನ್ನೇ ಬದುಕಾಗಿಸಿಕೊಂಡ ಈ ಮನೆಯ ಗಂಡಸರಿಗೆ ನೆಲವೆಂದರೆ ದೇವರು ಮತ್ತು ಪ್ರತಿಷ್ಠೆ. ನಾಗಿಗೆ ನೆಲವೆಂದರೆ ಒಲೆ, ದನ, ಮಳೆ, ರಾತ್ರಿ. ಹುಲಿಯ ಭಯದ ಮಳೆಗಾಲದ ರಾತ್ರಿಗಳಲ್ಲಿ ಮನೆಯನ್ನು ಕಾಯುವ ಧೈರ್ಯ ಅವಳದು. ಕೊನೆಗೆ ನೀರು ಇಳಿದಾಗ ಗಣಪ ಎಲ್ಲವೂ ದೇವರ ಕೃಪೆಯೆಂದು ಕೈಮುಗಿಯುತ್ತಾನೆ. ತನ್ನ ದುಡಿಮೆಯ ಪಾಲು ಆ ಕೃಪೆಯಲ್ಲಿ ಕರಗಿಹೋದದ್ದನ್ನು ನಾಗಿ ನೋಡುತ್ತಾಳೆ.

ಮೇಲುನೋಟಕ್ಕೆ ನಾಗಿ ಸೌಂದರ್ಯ ಅವರ ಹಿಂದಿನ ಸಹನಶೀಲ ಸೊಸೆಯರ ಸಾಲಿಗೇ ಸೇರಿದವಳು. ವ್ಯತ್ಯಾಸವಿರುವುದು ಚಿತ್ರದ ದೃಷ್ಟಿಯಲ್ಲಿ. ‘ಅಮ್ಮೋರು’ವಿನಲ್ಲಿ ಭಕ್ತೆಯನ್ನು ರಕ್ಷಿಸಲು ದೇವಿ ಬಂದಳು, ‘ದ್ವೀಪ’ದಲ್ಲಿ ಹೆಣ್ಣು ಮಾಡಿದ ರಕ್ಷಣೆಯ ಶ್ರೇಯವನ್ನು ದೇವರು ಪಡೆಯುತ್ತಾನೆ. ಅದೇ ಮುಖ, ಅದೇ ಮಿತಾಭಿನಯ, ಆದರೆ ಪ್ರೇಕ್ಷಕನಿಗೆ ಇಲ್ಲಿ ಸಮಾಧಾನ ದೊರೆಯುವುದಿಲ್ಲ. ಸೌಮ್ಯತೆಯನ್ನು ಗುಣವೆಂದು ಆರಾಧಿಸಿದ ಜನಪ್ರಿಯ ಬಿಂಬವನ್ನು, ಆ ಸೌಮ್ಯತೆಯ ಹಿಂದೆ ಎಷ್ಟು ಶ್ರಮ ಅಡಗಿದೆ ಎಂಬ ಪ್ರಶ್ನೆಯಾಗಿ ಈ ಚಿತ್ರ ಪರಿವರ್ತಿಸುತ್ತದೆ. ಆ ಪ್ರಶ್ನೆಗೆ ಹಣ ಹೂಡಿದವರೂ ಬಿಂಬದ ಒಡತಿಯೇ ಎಂಬುದರಿಂದ ‘ದ್ವೀಪ’ವನ್ನು ಕಲಾವಿದೆಯ ಆತ್ಮವಿಮರ್ಶೆಯ ಪಠ್ಯವಾಗಿಯೂ ಓದಲು ಅವಕಾಶವಿದೆ. ನಾಗಿಯ ಶ್ರಮಕ್ಕೂ ನಿರ್ಮಾಪಕಿಯ ಶ್ರಮಕ್ಕೂ ದೊರೆತ ಮನ್ನಣೆಯ ಪ್ರಮಾಣ ಬಹುಮಟ್ಟಿಗೆ ಒಂದೇ.

7. ‘ಆಪ್ತಮಿತ್ರ’: ಒಳಗಿನ ಇನ್ನೊಂದು ನುಡಿ

1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನ ಪುನರ್ನಿರ್ಮಾಣವಾದ ‘ಆಪ್ತಮಿತ್ರ’ವನ್ನು ಪಿ. ವಾಸು ನಿರ್ದೇಶಿಸಿದರು, ದ್ವಾರಕೀಶ್ ನಿರ್ಮಿಸಿದರು. ವಿಷ್ಣುವರ್ಧನ್, ರಮೇಶ್ ಅರವಿಂದ್ ಅವರೊಡನೆ ಸೌಂದರ್ಯ ಗಂಗಾ ಎಂಬ ಗೃಹಿಣಿಯ ಪಾತ್ರ ವಹಿಸಿದರು. ಹಳೆಯ ಅರಮನೆಗೆ ಬಂದ ಗಂಗಾ, ಅಲ್ಲಿ ಹಿಂದೆ ರಾಜನ ದೌರ್ಜನ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿಯ ಕಥೆಯಲ್ಲಿ ತನ್ನನ್ನು ಕಳೆದುಕೊಂಡು, ನಾಗವಲ್ಲಿಯಾಗಿಯೇ ವರ್ತಿಸತೊಡಗುತ್ತಾಳೆ. ನಾಗವಲ್ಲಿ ತೆಲುಗಿನವಳು. ಗಂಗಾ ಕನ್ನಡದಲ್ಲಿ ಮಾತನಾಡುತ್ತಾಳೆ. ನಾಗವಲ್ಲಿಯಾದಾಗ ತೆಲುಗಿನಲ್ಲಿ ಗುಡುಗುತ್ತಾಳೆ, ಹಾಡಿ ನರ್ತಿಸುತ್ತಾಳೆ.

ಈ ಕಥೆಯ ವಿವಿಧ ರೂಪಗಳನ್ನು ಒಟ್ಟಿಗೆ ಇರಿಸಿದರೆ ಒಂದು ಕ್ರಮ ಕಾಣುತ್ತದೆ. ಮಲಯಾಳಂನಲ್ಲಿ ನರ್ತಕಿ ತಂಜಾವೂರಿನ ತಮಿಳಿನವಳು. ಕನ್ನಡದಲ್ಲಿ ಅವಳು ತೆಲುಗಿನವಳು. 2005ರ ತಮಿಳು ‘ಚಂದ್ರಮುಖಿ’ಯಲ್ಲಿಯೂ ಅವಳ ಭಾಷೆ ತೆಲುಗು. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಅವಳು ಬಂಗಾಳಿ. ಪ್ರತಿ ಭಾಷೆಯೂ ತನ್ನ ಮನೆಯ ಬೀಗ ಹಾಕಿದ ಕೋಣೆಯಲ್ಲಿ ನೆರೆಯ ಭಾಷೆಯೊಂದನ್ನು ಇರಿಸುತ್ತದೆ. ಅದು ಕಲೆಯ ಭಾಷೆ, ಕಾಮನೆಯ ಭಾಷೆ, ಕೋಪದ ಭಾಷೆ. ಗೃಹಿಣಿಯ ಭಾಷೆಯಲ್ಲಿ ಹೇಳಲಾಗದ್ದನ್ನು ಹೇಳಲು ಹೆಣ್ಣಿಗೆ ಪಕ್ಕದ ಭಾಷೆಯ ಮೊರೆಹೋಗಬೇಕಾಗುತ್ತದೆ. ಏಕಭಾಷಿಕವೆಂದು ತನ್ನನ್ನು ಭಾವಿಸಿಕೊಂಡ ಸಮಾಜಕ್ಕೆ ದ್ವಿಭಾಷಿಕತೆ ಒಂದು ರೋಗಲಕ್ಷಣವಾಗಿ ಕಾಣುತ್ತದೆ. ಕಥೆಯ ಕೊನೆಯಲ್ಲಿ ಅದನ್ನು ವಾಸಿಮಾಡಲಾಗುತ್ತದೆ.

ಮಲಯಾಳಂ ಮೂಲದಲ್ಲಿ ಶೋಭನಾ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಆ ಎತ್ತರದ ಎದುರು ನಿಂತು ಸೌಂದರ್ಯ ಮಾಡಿದ ಪಾತ್ರಕ್ಕೆ ವಿಶಿಷ್ಟವಾದ ಬಲ ಬಂದದ್ದು ಅವರ ಹಿಂದಿನ ಬಿಂಬದಿಂದ. ಹಿಂದಿನ ಚಿತ್ರಗಳಲ್ಲಿ ಇಬ್ಬರು ನಟಿಯರ ನಡುವೆ ಹಂಚಿಹೋಗಿದ್ದ ಸಹನೆ ಮತ್ತು ಕೋಪ ಇಲ್ಲಿ ಒಂದೇ ದೇಹಕ್ಕೆ ಬಂದವು. ದೇವಿಯ ಉಗ್ರತೆಯನ್ನೂ ನೀಲಾಂಬರಿಯ ಹಠವನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದ ಮುಖವೇ ಈಗ ಅವೆರಡನ್ನೂ ಧರಿಸಿತು. ಕನ್ನಡದ ಪ್ರೇಕ್ಷಕರು ಗಂಗೆಯಲ್ಲಿ ಕಂಡದ್ದು ತಮಗೆ ಪರಿಚಿತವಾದ ಸೌಮ್ಯ ನಾಯಕಿಯನ್ನು. ಆದ್ದರಿಂದಲೇ ನಾಗವಲ್ಲಿಯ ಪ್ರವೇಶ ಅವರನ್ನು ಬೆಚ್ಚಿಬೀಳಿಸಿತು.

ಗಡಿಸೀಮೆಯ ದೃಷ್ಟಿಯಿಂದ ನೋಡಿದರೆ ಮತ್ತೊಂದು ಅರ್ಥ ತೆರೆದುಕೊಳ್ಳುತ್ತದೆ. ಮುಳಬಾಗಿಲಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ಒಂದೇ ಬಾಯಲ್ಲಿ ಕನ್ನಡ ಮತ್ತು ತೆಲುಗುಗಳು ಬರುವುದು ಯಾವ ಭೂತಚೇಷ್ಟೆಯೂ ಅಲ್ಲ. ಅದು ನೆರೆಮನೆಯವರೊಡನೆ ಆಡುವ ಮಾತು. ಚಿತ್ರವು ಭೀತಿಯಾಗಿ ಚಿತ್ರಿಸಿದ್ದು ಈ ಸೀಮೆಯಲ್ಲಿ ಸಹಜ ಬದುಕು. ತೆಲುಗು ನಾಡಿನಲ್ಲಿ ಹತ್ತು ವರ್ಷ ಮನೆಮಾತಾಗಿದ್ದ ಕನ್ನಡತಿಯೊಬ್ಬರನ್ನು ಈ ಪಾತ್ರಕ್ಕೆ ಆರಿಸಿದಾಗ, ಕನ್ನಡದ ಕುಟುಂಬದೊಳಗೆ ತೆಲುಗು ಮಾತನಾಡುವ ಹೆಣ್ಣು ಎಂಬ ಕಥಾಕಲ್ಪನೆಗೂ ಕಲಾವಿದೆಯ ಸಾರ್ವಜನಿಕ ಗುರುತಿಗೂ ನಡುವಿನ ಅಂತರ ಅಳಿಸಿಹೋಯಿತು. ‘ನಮ್ಮವಳೇ, ಆದರೆ ಅವರವಳೂ ಹೌದು’ ಎಂಬ ಸಾರ್ವಜನಿಕರ ಇಬ್ಬಗೆಯನ್ನು ಚಿತ್ರ ತಿಳಿದೋ ತಿಳಿಯದೆಯೋ ಕಥೆಯ ಗಂಟಾಗಿಸಿಕೊಂಡಿತು.

8. ರಾಜಕೀಯ, ಮರಣ, ವದಂತಿ

2004ರ ಚುನಾವಣೆಯ ವೇಳೆ ಸೌಂದರ್ಯ ಭಾರತೀಯ ಜನತಾ ಪಕ್ಷದ ಪರ ಪ್ರಚಾರಕ್ಕೆ ಇಳಿದಿದ್ದರು. ಏಪ್ರಿಲ್ 17ರಂದು ಕರೀಂನಗರಕ್ಕೆ ಹೊರಟಿದ್ದ ಚಿಕ್ಕ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನೆಲಕ್ಕಪ್ಪಳಿಸಿತು. ಅವರೂ, ಸೋದರ ಅಮರನಾಥ್ ಅವರೂ ಸೇರಿ ವಿಮಾನದಲ್ಲಿದ್ದ ನಾಲ್ವರೂ ಮೃತಪಟ್ಟರು. ಕರ್ನಾಟಕದ ಕಲಾವಿದೆ ತೆಲಂಗಾಣದ ಮತದಾರರನ್ನು ಉದ್ದೇಶಿಸಿ ಮಾತನಾಡಲು ಹೊರಟಿದ್ದರು ಎಂಬ ಸಂಗತಿಗೆ ಹಿಂದಿನ ನಿದರ್ಶನವೂ ಇದೆ. ಹಂಪಿಯಲ್ಲಿ ಜನಿಸಿದ ತೆಲುಗು ತಾರೆ ಜಮುನಾ 1989ರಲ್ಲಿ ರಾಜಮಂಡ್ರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. ನಾಯಕಿ ಅತಿಥಿ ಮಾತ್ರ ಎಂಬ ಪೂರ್ವೋಕ್ತ ವಿಂಗಡಣೆ ಮತದಾರರ ಮಟ್ಟದಲ್ಲಿ ನಿಲ್ಲುವುದಿಲ್ಲವೆಂಬುದನ್ನು ಈ ಎರಡೂ ಪ್ರಸಂಗಗಳು ಸೂಚಿಸುತ್ತವೆ.

‘ಆಪ್ತಮಿತ್ರ’ ತೆರೆಕಂಡದ್ದು ಅದೇ ವರ್ಷದ ಆಗಸ್ಟ್ 27ರಂದು. ಸತ್ತ ನರ್ತಕಿ ಬದುಕಿರುವವಳ ಮೂಲಕ ಮಾತನಾಡುವ ಕಥೆಯನ್ನು, ಮರಣ ಹೊಂದಿದ ಕಲಾವಿದೆಯ ಮೂಲಕ ಪ್ರೇಕ್ಷಕರು ನೋಡಿದರು. ಚಿತ್ರ ದೀರ್ಘಕಾಲ ಓಡಿತು. ಅಭಿನಯಕ್ಕೆ ಮರಣೋತ್ತರವಾಗಿ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂದಿತು. ಇದರ ಮುಂದುವರಿಕೆಯಾದ ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ ಬಿಡುಗಡೆಯಾಗುವ ಮುನ್ನ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಿಧನರಾದಾಗ ‘ನಾಗವಲ್ಲಿಯ ಶಾಪ’ದ ಮಾತು ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳಲ್ಲಿ ವ್ಯಾಪಕವಾಯಿತು. ಡಯರ್ ಹೇಳುವ ನಾಲ್ಕು ಮೂಲಗಳಲ್ಲಿ ಸುದ್ದಿ ಉಳಿದ ಮೂರನ್ನೂ ನುಂಗಿದ ಸಂದರ್ಭವಿದು. ಅಪಘಾತವು ಅಪಘಾತವಾಗಿ ಉಳಿಯಲಿಲ್ಲ. ಪಾತ್ರವನ್ನು ಕಟ್ಟಿದ ಅಭಿನಯದ ಚರ್ಚೆ ನಡೆಯಲಿಲ್ಲ. ನಾಗಿಯ ದುಡಿಮೆಯನ್ನು ದೇವರ ಕೃಪೆ ಒಳಗೊಂಡಂತೆ, ನಟಿಯ ದುಡಿಮೆಯನ್ನು ನಾಗವಲ್ಲಿಯ ಶಾಪ ಒಳಗೊಂಡಿತು. ಸಂಶೋಧಕರು ಈ ವದಂತಿಯನ್ನು ಅಲಕ್ಷಿಸುವುದಕ್ಕಿಂತ, ಹೆಣ್ಣಿನ ಕೌಶಲವನ್ನು ಅತಿಮಾನುಷಕ್ಕೆ ಒಪ್ಪಿಸುವ ನಮ್ಮ ರೂಢಿಯ ಪುರಾವೆಯಾಗಿ ಪರಿಶೀಲಿಸುವುದು ಉಚಿತ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಸೌಂದರ್ಯ ಅವರ ಜನಪ್ರಿಯ ಬಿಂಬ ಸಹನೆ ಮತ್ತು ಕೋಪಗಳನ್ನು ಇಬ್ಬರು ಹೆಣ್ಣುಗಳಿಗೆ ಹಂಚಿಕೊಡುವ ರಚನೆಯ ಮೇಲೆ ನಿಂತಿತ್ತು. ‘ದ್ವೀಪ’ ಆ ಸಹನೆಯ ಬೆಲೆಯನ್ನು ಪ್ರಶ್ನಿಸಿತು, ‘ಆಪ್ತಮಿತ್ರ’ ಆ ಹಂಚಿಕೆಯನ್ನು ಮುರಿಯಿತು. ಎರಡನೆಯದಾಗಿ, ಈ ಎರಡೂ ನಿರ್ಣಾಯಕ ಕೆಲಸಗಳು ನಡೆದದ್ದು ಕನ್ನಡದಲ್ಲಿ. ಚಿತ್ರಗಳ ಸಂಖ್ಯೆಯಿಂದ ಅಳೆದು ಅವರನ್ನು ಪರಭಾಷೆಯ ತಾರೆಯೆಂದು ವರ್ಗೀಕರಿಸುವುದು ಇದರಿಂದ ದುರ್ಬಲವಾಗುತ್ತದೆ. ಅಂತೆಯೇ ಅವರ ತೆಲುಗಿನ ದಶಕವಿಲ್ಲದೆ ಈ ಕನ್ನಡ ಪಾತ್ರಗಳಿಗೆ ಇಷ್ಟು ಅರ್ಥ ಬರುತ್ತಿರಲಿಲ್ಲ ಎಂಬುದೂ ನಿಜ. ಮೂರನೆಯದಾಗಿ, ಒಂದನ್ನು ಬಿಟ್ಟು ಇನ್ನೊಂದನ್ನು ಓದಲಾಗದ ಈ ಸ್ಥಿತಿಗೆ ಹೊಂದುವ ಮಾದರಿ ಭಾಷಾವಾರು ಚರಿತ್ರೆಯಲ್ಲಿಲ್ಲ. ಕೋಲಾರ ಸೀಮೆಯ ದಿನಬಳಕೆಯಲ್ಲಿದೆ.

ಕನ್ನಡ ಅಧ್ಯಾಪಕರಿಗೆ ಇದರಿಂದ ಒದಗುವ ಕೆಲಸವೂ ಇದೆ. ಗಡಿಭಾಗದ ಕಾಲೇಜುಗಳಲ್ಲಿ ತೆಲುಗು ಚಿತ್ರ ನೋಡಿ ಬೆಳೆದ ವಿದ್ಯಾರ್ಥಿಗೆ ‘ದ್ವೀಪ’ವನ್ನು ಪಾಠ ಮಾಡುವಾಗ, ಆತನಿಗೆ ಈಗಾಗಲೇ ಪರಿಚಿತವಾದ ಆ ಮುಖವನ್ನು ಮರೆಮಾಡಿ ಕಾದಂಬರಿಯಿಂದಲೇ ಆರಂಭಿಸಬೇಕಾದ ಅಗತ್ಯವಿಲ್ಲ. ಆ ಪರಿಚಯದಿಂದಲೇ ಪಾಠವನ್ನು ಆರಂಭಿಸಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಚಿತ್ರಮಂದಿರಗಳಲ್ಲಿ 1990ರ ದಶಕದಲ್ಲಿ ಕನ್ನಡ ಮತ್ತು ತೆಲುಗು ಚಿತ್ರಗಳನ್ನು ಸಮಾನವಾಗಿ ನೋಡಿದ ಹೆಂಗಸರು ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಅವರು ಸೌಂದರ್ಯ ಅವರನ್ನು ಯಾವ ಭಾಷೆಯಲ್ಲಿ ನೆನೆಯುತ್ತಾರೆ, ನಾಗವಲ್ಲಿಯ ತೆಲುಗನ್ನು ಕೇಳಿ ಹೆದರಿದರೋ ಇಲ್ಲವೇ ಪರಿಚಿತ ಮಾತೆಂದು ನಕ್ಕರೋ ಎಂಬುದನ್ನು ಕ್ಷೇತ್ರಕಾರ್ಯದ ಮೂಲಕ ದಾಖಲಿಸಲು ಇದು ತಕ್ಕ ಸಮಯ. ತಾರಾಬಿಂಬವನ್ನು ಕಟ್ಟುವುದರಲ್ಲಿ ನಿರ್ಮಾಪಕರು ಮತ್ತು ಪತ್ರಿಕೆಗಳಷ್ಟೇ ಪಾಲು ಈ ಪ್ರೇಕ್ಷಕರದೂ ಆಗಿದೆ. ಅವರ ನೆನಪುಗಳು ಸೇರಿದಾಗ ಮಾತ್ರ ಮೂಡಣ ಬಾಗಿಲಿನ ಈ ಕಲಾವಿದೆಯ ಅಧ್ಯಯನ ಪೂರ್ಣತೆಯತ್ತ ಸಾಗುತ್ತದೆ.